ಲೇಲಾ ದಿನಿಜ್ ಪುಸ್ತಿಕೆ: ಇಲ್ಲಿವರೆಗಿನ ಕೆಲಸ

ನಾಲ್ಕು ಎ4 ಹಾಳೆ ಮಡಚಿದರೆ ಹದಿನಾರು ಪುಟ. ಕೈಬರಹ, ಲಿನೋಕಟ್ ಚಿತ್ರ (ಲಿನೋಲಿಯಂ ಹಾಳೆ ಕೊರೆದು, ಇಂಕು ಹಚ್ಚಿ ಒತ್ತುವ ಅಚ್ಚು), ನಡುವೆ ದಾರದ ಹೊಲಿಗೆ. ಇದಕ್ಕಿಂತ ಜಾಸ್ತಿ ಹಾಳೆ ಹಾಕುವ ಆಸೆ ಇಲ್ಲ. ಹಾಗಾಗಿ ಯಾವುದಕ್ಕೆ ಎಷ್ಟು ಜಾಗ ಅನ್ನೋದೇ ಈ ಸಲದ ತಲೆನೋವು.

ಲೇಲಾ ಬ್ರೆಜಿಲ್‌ನ ನಟಿ. 1945ರಲ್ಲಿ ರಿಯೊ ಎದುರಿಗಿರುವ ನಿತೆರೊಯ್‌ನಲ್ಲಿ ಹುಟ್ಟಿದಳು. ಮೊದಲು ಚಿಕ್ಕ ಮಕ್ಕಳಿಗೆ ಟೀಚರ್. ಟಿವಿ ಗ್ಲೋಬೊ 1965ರಲ್ಲಿ ಶುರುವಾದಾಗ ಅದರ ಮೊದಲ ಧಾರಾವಾಹಿಯಲ್ಲೇ ಇದ್ದಳು. ಸಿನಿಮಾದಲ್ಲಿ ಸಿಕ್ಕಿದ್ದು ಆರೇಳು ವರ್ಷ, ಅಷ್ಟೇ. ಇಷ್ಟೂ ಒಂದೇ ಪುಟದಲ್ಲಿ ಮುಗಿಯಿತು.

ಮೂರು ಪುಟ ಕೊಟ್ಟಿರುವುದು 1966ರ ಒಂದೇ ಚಿತ್ರಕ್ಕೆ. ಹೆಸರಿನ ಅರ್ಥ ‘ಲೋಕದ ಹೆಂಗಸರೆಲ್ಲ’. ನಿರ್ದೇಶಕ ದೊಮಿಂಗೊಸ್ ಜಿ ಒಲಿವೇರಾ ಆಕೆಯ ಮಾಜಿ ಗಂಡ. ಸಂಬಂಧ ಮುರಿದ ಮೇಲೆ ಆಕೆಯನ್ನೇ ನಾಯಕಿ ಮಾಡಿ ತೆಗೆದ ಚಿತ್ರ ಇದು. ಹುಡುಗಿಯರ ಹಿಂದೆ ಸುತ್ತುವ ಪೌಲೊ, ಮರಿಯಾ ಆಲಿಸ್ ಎಂಬ ಒಬ್ಬಳಿಗೆ ಮನಸೋತು ನಿಲ್ಲುವ ಕಥೆ. ಲೇಲಾ ನಟಿಸುತ್ತಿದ್ದಾಳೆ ಅಂತ ಎಲ್ಲೂ ಅನ್ನಿಸುವುದಿಲ್ಲ. ಸುಮ್ನೆ ಇದ್ದಾಳೆ, ನಗುತ್ತಾಳೆ, ಕ್ಯಾಮೆರಾಗೆ ಅಷ್ಟು ಸಾಕು. ಆಕೆಯ ಬಗ್ಗೆ ಬರೆದವರು ಸಾಮಾನ್ಯವಾಗಿ ಬಿಕಿನಿ, ಬೈಗುಳ, ವಿಮಾನ ಅಂತ ಮುಗಿಸಿಬಿಡುತ್ತಾರೆ. ಕೆಲಸದ ಬಗ್ಗೆಯೂ ನಾಲ್ಕು ಮಾತು ಬೇಡವಾ?

ಹಾಗಂತ ಬೈಗುಳ ಬಿಡೋಕಾಗುತ್ತಾ! 1969ರ ನವೆಂಬರ್‌ನಲ್ಲಿ ‘ಓ ಪಸ್ಕಿಂ’ ವಾರಪತ್ರಿಕೆಗೆ ಸಂದರ್ಶನ ಕೊಟ್ಟಳು. ಪ್ರೀತಿ, ಹಾಸಿಗೆ, ಯಾವುದಕ್ಕೂ ಮುಚ್ಚುಮರೆ ಇಲ್ಲ. ಬೈಗುಳ ಬಂದ ಕಡೆಯೆಲ್ಲ ಪತ್ರಿಕೆಯವರು ನಕ್ಷತ್ರ ಚಿಹ್ನೆ ಹಾಕಿ ಅಚ್ಚು ಮಾಡಿದರು. ಆಗ ಅಲ್ಲಿ ಮಿಲಿಟರಿ ಆಡಳಿತ. 1970ರ ಜನವರಿಯಲ್ಲೇ ಪತ್ರಿಕೆ, ಪುಸ್ತಕಗಳನ್ನು ಮೊದಲೇ ಸೆನ್ಸಾರ್ ಮಾಡುವ ಆದೇಶ ಬಂತು. ಜನ ಅದಕ್ಕಿಟ್ಟ ಅಡ್ಡಹೆಸರು ‘ಲೇಲಾ ದಿನಿಜ್ ಆದೇಶ’. ಈ ಪುಟದಲ್ಲಿ ಅಕ್ಷರ ಕಮ್ಮಿ, ನಕ್ಷತ್ರ ಜಾಸ್ತಿ. ಪೆನ್ಸಿಲ್ ತುದಿಯ ರಬ್ಬರನ್ನು ಕೊರೆದು ಮುದ್ರೆ ಮಾಡಿಕೊಂಡಿದ್ದೇನೆ. ಕೆಂಪು ಇಂಕಿನಲ್ಲಿ ಒತ್ತಿದರೆ ಚೆನ್ನಾಗಿ ಮೂಡುತ್ತಿದೆ.

ಈಗ ಕೈಯಲ್ಲಿರುವುದು ನಡುಪುಟದ ಲಿನೋ. 1971ರಲ್ಲಿ ತುಂಬು ಗರ್ಭಿಣಿಯಾಗಿದ್ದಾಗ ಪಾಕೆಟಾ ದ್ವೀಪದ ಬೀಚ್‌ನಲ್ಲಿ ಬಿಕಿನಿಯಲ್ಲಿ ತೆಗೆಸಿಕೊಂಡ ಫೋಟೊ. ಬಸುರಿಯರು ಹೊಟ್ಟೆ ಮುಚ್ಚಲು ಮೇಲೊಂದು ದೊಗಲೆ ಅಂಗಿ ಹಾಕಿಕೊಳ್ಳುತ್ತಿದ್ದ ಕಾಲ ಅದು. ಲಿನೋದಲ್ಲಿ ಕೊರೆದ ಜಾಗ ಬಿಳಿ, ಉಳಿದದ್ದು ಕಪ್ಪು. ಹೊಟ್ಟೆಯ ಮೇಲೆ ಬಿಸಿಲು ಬಿದ್ದಿರೋದರಿಂದ ಅದನ್ನೆಲ್ಲ ಕೊರೆದು ತೆಗೆದೆ, ಕೆಳಗಿನ ನೆರಳಿಗೆ ಮಾತ್ರ ಸಣ್ಣ ಉಳಿಯಲ್ಲಿ ಗೀರು. ಲಿನೋ ಗಟ್ಟಿಯಾದರೆ ಈ ಗೀರು ಒಡೆಯುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟು ಮೆದು ಮಾಡಿಕೊಳ್ಳುತ್ತೇನೆ. ಮುಖ ಇನ್ನೂ ಮುಟ್ಟಿಲ್ಲ. ಆ ನಗುವನ್ನು ಕೊರೆಯೋಕೆ ಧೈರ್ಯ ಬೇಕು.

ವಿಮಾನದ ವಿಷಯಕ್ಕೆ ಅರ್ಧ ಪುಟ. ದುರಂತ ನಡೆದದ್ದು ನಮ್ಮ ದೆಹಲಿಯಲ್ಲೇ ಆದ್ದರಿಂದ ಇನ್ನೂ ಬರೆಯಬಹುದಿತ್ತು, ಬೇಕಂತಲೇ ಬರೆದಿಲ್ಲ. ‘ಬರಿಗೈ’ ಎಂಬ ಅರ್ಥದ ಹೆಸರಿನ ತನ್ನ ಚಿತ್ರದ ಸಲುವಾಗಿ ಆಸ್ಟ್ರೇಲಿಯಾದ ಚಿತ್ರೋತ್ಸವಕ್ಕೆ ಹೋಗಿದ್ದಳು. ವರ್ಷ ತುಂಬದ ಮಗಳು ಊರಲ್ಲಿ. 1972ರ ಜೂನ್ 14ರಂದು ಬ್ಯಾಂಕಾಕ್‌ನಿಂದ ಬಂದ ಜಪಾನ್ ಏರ್‌ಲೈನ್ಸ್ ಡಿಸಿ-8 ವಿಮಾನ ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಇಳಿಯುವ ಮೊದಲೇ ಯಮುನೆಯ ದಂಡೆ ಬಳಿ ಬಿತ್ತು. 80ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಲೇಲಾ ಕೂಡ ಒಬ್ಬಳು, ಆಗ ಆಕೆಗೆ 27 ವರ್ಷ. ಭಾರತದ ತನಿಖೆ ಪೈಲಟ್‌ಗಳದ್ದೇ ತಪ್ಪು ಅಂದಿತು, ಜಪಾನಿನವರು ನೆಲದಿಂದ ಹೋದ ಸಿಗ್ನಲ್ ಸರಿ ಇರಲಿಲ್ಲ ಅಂದರು.

‘ಬರಿಗೈ’ಯ ನಿರ್ದೇಶಕ ಲೂಯಿಜ್ ಕಾರ್ಲೋಸ್ ಲಸೆರ್ದಾ 1987ರಲ್ಲಿ ಆಕೆಯ ಬದುಕಿನ ಮೇಲೇ ಒಂದು ಚಿತ್ರ ಮಾಡಿದ. ಅದಕ್ಕೊಂದು ಪುಟ ಖಾಲಿ ಬಿಟ್ಟಿದ್ದೇನೆ. ನಿರ್ದೇಶಕ ನೆಲ್ಸನ್ ಪೆರೇರಾ ದೊಸ್ ಸಾಂತೊಸ್ ಜೊತೆ ಲೇಲಾ ಮಾಡಿದ ಚಿತ್ರಗಳಿಗೆ ಇನ್ನೆರಡು. ಮುಖಪುಟಕ್ಕೆ ಹಳದಿ ಹ್ಯಾಂಡ್‌ಮೇಡ್ ಪೇಪರ್ ತಂದಾಯ್ತು. ಹೊಲಿಯೋಕೆ ಮೇಣ ಹಚ್ಚಿದ ದಾರ ಇನ್ನೂ ತರಬೇಕು.