ಏಳನೇ ನಂಬರಿನವನನ್ನು ಹೊರಗೆ ಕರೆದೆ

ಅಂತರ ಕಾಲೇಜು ವಾಲಿಬಾಲ್ ಸೆಮಿಫೈನಲ್, ನಾನು ಕೋಚ್. 2-1 ಮುಂದಿದ್ದೆವು, ನಾಲ್ಕನೇ ಸೆಟ್‌ನಲ್ಲಿ 19-16. ಮ್ಯಾನೇಜ್‌ಮೆಂಟ್ ಕೊಡಿಸಿದ, ಯಾರು ಎಷ್ಟು ಪಾಯಿಂಟ್ ಹೊಡೆದರು ಅಂತ ತೋರಿಸುವ ಆ್ಯಪ್ ಇದ್ದ ಟ್ಯಾಬ್ ನನ್ನ ತೊಡೆ ಮೇಲಿತ್ತು. ಏಳನೇ ನಂಬರಿನ ಹುಡುಗನ ಹೆಸರಿನ ಮುಂದೆ ಇಡೀ ಮ್ಯಾಚಿಗೆ 4 ಪಾಯಿಂಟ್. ಬೆಂಚಿನಲ್ಲಿದ್ದ ಹನ್ನೊಂದನೇ ನಂಬರಿನವನು ಆರಡಿ ಮೂರಿಂಚು, ಅವನ ಸ್ಮ್ಯಾಷ್‌ಗೆ ಗ್ಯಾಲರಿ ಎದ್ದು ನಿಲ್ಲುತ್ತೆ. ಏಳು ನೆಟ್ ಮುಂದಿನ ಸಾಲಿಗೆ ಬಂದ ಕೂಡಲೇ, ಅವನ ಬದಲು ಹನ್ನೊಂದನ್ನು ಇಳಿಸೋಕೆ ಸಬ್ ಕೇಳಿದೆ. ಕೋಚ್ ಅಂದ್ರೆ ಏನಾದ್ರೂ ಮಾಡ್ತಿರಬೇಕು, ಅಲ್ವಾ?

ಎದುರಿನವರು ಸೈಡ್‌ಔಟ್ ಮಾಡಿದರು, ಅಂದ್ರೆ ನಮ್ಮ ಸರ್ವ್‌ನಲ್ಲಿ ಪಾಯಿಂಟ್ ಗೆದ್ದು ಸರ್ವ್ ಕಿತ್ತುಕೊಂಡರು, 19-17. ಸರ್ವ್‌ಗೆ ಬಂದವನು ಕಡ್ಡಿಯಂಥ ಹುಡುಗ, ಜಂಪ್ ಕೂಡ ಮಾಡಲ್ಲ. ಸರ್ವ್ ತಡೆದು ಪಾಸ್ ಕೊಡೋದರಲ್ಲಿ ಪಳಗಿದ ನಮ್ಮ ಲಿಬೆರೊ ಕಡೆ ನೋಡಲೇ ಇಲ್ಲ. ಸೀದಾ ಹನ್ನೊಂದರ ಎದೆಗೆ ಫ್ಲೋಟ್, ಸ್ಪಿನ್ ಇಲ್ಲದ ಸರ್ವ್. ಬಾಲ್ ಕೊನೇ ಗಳಿಗೆಯಲ್ಲಿ ಅಲುಗಿ ಅವನ ಮೊಣಕೈಗೆ ಬಡಿದು ಸ್ಕೋರರ್ ಟೇಬಲ್ ಕಡೆ ಹೋಯಿತು. ಮತ್ತೆ ಅವನಿಗೇ. ಈ ಸಲ ಪಾಸ್ ಮೂರು ಮೀಟರ್ ಗೆರೆ ದಾಟಲಿಲ್ಲ. ಬಾಲ್ ಎತ್ತಿಕೊಡುವ ಲಿಫ್ಟರ್ ಓಡಿ ಬಂದರೂ ನಡುವಿನಿಂದ ಹೊಡೆಯುವ ಸೆಂಟರ್‌ಗೆ ಕೊಡಲಾಗಲಿಲ್ಲ, ಲೆಫ್ಟಿಗೆ ಹೈ ಬಾಲ್ ಎತ್ತಿದ. ಹೊಡೆಯಬೇಕಾದವನು ಅದೇ ಹನ್ನೊಂದು. ಎದುರಿಗೆ ಎರಡು ಜನ ಬ್ಲಾಕ್ ರೆಡಿ. 19-19.

ಟೈಮ್‌ಔಟ್. ಮೂವತ್ತು ಸೆಕೆಂಡ್‌ನಲ್ಲಿ ನಾನು ಹೇಳಿದ್ದು 'ಜೋರಾಗಿ ಹೊಡಿ' ಅಂತ. ಪಾಸ್ ಬಗ್ಗೆ ಒಂದು ಮಾತಿಲ್ಲ. ಏಳನ್ನು ಆಗಲೇ ವಾಪಸ್ ಕಳಿಸಬಹುದಿತ್ತು. ಇಷ್ಟು ಬೇಗ ಸಬ್ ವಾಪಸ್ ತಗೊಂಡರೆ ಪಕ್ಕದಲ್ಲಿದ್ದ ಪಿಡಿ (ಕಾಲೇಜಿನ ಫಿಸಿಕಲ್ ಡೈರೆಕ್ಟರ್) ಏನಂದುಕೊಳ್ತಾರೋ ಅಂತ ಸುಮ್ಮನಿದ್ದೆ. 19-21ಕ್ಕೆ ಇನ್ನೊಂದು ಟೈಮ್‌ಔಟೂ ಖರ್ಚಾಯಿತು. ಸರ್ವ್ ವಾಪಸ್ ಸಿಗದೆ ಆರೂ ಜನ ನಿಂತಲ್ಲೇ, ಜಾಗ ಬದಲಾಗುವ ರೊಟೇಷನ್ ಕದಲಲಿಲ್ಲ. 19-22ಕ್ಕೆ ಏಳನ್ನು ಕಳಿಸಿದೆ. ಅವನು ಮೊದಲ ಬಾಲನ್ನೇ ನೇರ ಲಿಫ್ಟರ್‌ನ ಹಣೆ ಮೇಲಕ್ಕೆ ಪಾಸ್ ಕೊಟ್ಟ. ಸೆಂಟರ್ ತಕ್ಷಣ ಹೊಡೆದ ಕ್ವಿಕ್, ಪಾಯಿಂಟ್. ಏಳು ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಸೆಟ್ 22-25ಕ್ಕೆ ಹೋಯಿತು, ಐದನೆಯದು 12-15ಕ್ಕೆ.

ರಾತ್ರಿ ಮೊಬೈಲ್ ವಿಡಿಯೋ ಹಾಕಿಕೊಂಡು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪಾಸ್‌ಗಳಿಗೆ 0ರಿಂದ 3ರವರೆಗೆ ಮಾರ್ಕ್ಸ್ ಹಾಕಿದೆ. ನಮ್ಮ ಸೆಂಟರ್ ಗಳಿಸಿದ ಪಾಯಿಂಟ್‌ಗಳಲ್ಲಿ ಸುಮಾರು ಅರ್ಧ ಏಳು ಕೊಟ್ಟ ಪಾಸ್‌ನಿಂದಲೇ ಶುರುವಾಗಿದ್ದವು. ಟ್ಯಾಬ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಹೊಡೆದದ್ದಕ್ಕೂ ಅಷ್ಟೇ. ಗಳಿಸಿದ ಪಾಯಿಂಟ್‌ನಲ್ಲಿ ಔಟ್ ಹೊಡೆದದ್ದು, ಬ್ಲಾಕ್ ತಿಂದದ್ದು ಕಳೆದು, ಒಟ್ಟು ಹೊಡೆತಗಳಿಂದ ಭಾಗಿಸಬೇಕು. ಈ ಆ್ಯಪ್ ಬರೀ ಕೂಡಿಸುತ್ತೆ. ದೊಡ್ಡ ಮಟ್ಟದ ಪುರುಷರ ಆಟದಲ್ಲಿ ಸರ್ವ್ ತಗೊಳ್ಳುವ ತಂಡವೇ ಹೆಚ್ಚಿನ ರ್‍ಯಾಲಿ ಗೆಲ್ಲುತ್ತೆ. ಹಾಗಾಗಿ ಒಂದೇ ರೊಟೇಷನ್‌ನಲ್ಲಿ ಐದು ಪಾಯಿಂಟ್ ಸೋರಿದರೆ ಸೆಟ್ಟೇ ಕೈಬಿಟ್ಟಂತೆ. ಇದನ್ನು ನಾನು ಹುಡುಗರಿಗೆ ಬೋರ್ಡ್ ಮೇಲೆ ಬರೆದು ಪಾಠ ಮಾಡಿದ್ದೆ, ನೋಡಿ!

ಮುಂದಿನ ವಾರ ಆಫೀಸಿನಿಂದ ಬೆಸ್ಟ್ ಪ್ಲೇಯರ್ ಫಾರ್ಮ್ ಬಂತು. ಅಟ್ಯಾಕ್, ಬ್ಲಾಕ್, ಸರ್ವ್, ಮೂರೇ ಕಾಲಂ. ಪೆನ್ನಲ್ಲಿ ನಾಲ್ಕನೇ ಗೆರೆ ಎಳೆದು 'ಫಸ್ಟ್ ಪಾಸ್' ಅಂತ ಬರೆದು, ಏಳರ ಹೆಸರು ಹಾಕಿ ಕಳಿಸಿದೆ. ಫಾರ್ಮ್ಯಾಟ್ ಸರಿಯಿಲ್ಲ ಅಂತ ಸಂಜೆಯೊಳಗೆ ವಾಪಸ್ ಬಂತು.