ಆಲ್ಬೆಮಾರ್ಲ್ ಬೀದಿಯಿಂದ ಸಾಲಗಾಮೆ ರಸ್ತೆಗೆ

ಲಂಡನ್ನಿನ ಆಲ್ಬೆಮಾರ್ಲ್ ಬೀದಿಯ ಹಳೇ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಮೊದಲ ಸಲ ಶುಕ್ರವಾರದ ಉಪನ್ಯಾಸಕ್ಕೆ ಹೋದಾಗ, ಸ್ವಾಗತ, ಪ್ರಾರ್ಥನೆ, ಹಾರ, ಶಾಲು ಮುಗಿಯುವುದಕ್ಕೆ ಹೇಗೂ ಅರ್ಧ ಗಂಟೆ ಹಿಡಿಯುತ್ತದೆ ಅಂತ ನಿಧಾನಕ್ಕೆ ಹೊರಟೆ. ಹಾಸನದವನ ಲೆಕ್ಕ! ಅಲ್ಲಿ ಗಡಿಯಾರ ಹೊಡೆಯುತ್ತಲೇ ಉಪನ್ಯಾಸಕರು ಒಳಬಂದು ನೇರ ವಿಷಯಕ್ಕೇ ಇಳಿಯುವುದು ಪದ್ಧತಿ. 'ವೇದಿಕೆ ಮೇಲಿರುವ ಗಣ್ಯರೇ' ಅನ್ನುವುದೂ ಇಲ್ಲ. 1846ರಲ್ಲಿ ವೀಟ್‌ಸ್ಟನ್ ಎಂಬ ವಿಜ್ಞಾನಿ ಕೊನೇ ಗಳಿಗೆಯಲ್ಲಿ ಹೆದರಿ ಓಡಿಹೋದನಂತೆ, ಅವನ ಬದಲು ಮೈಕೆಲ್ ಫ್ಯಾರಡೆಯೇ ನಿಂತು ಮಾತಾಡಿದನಂತೆ. ಅಲ್ಲಿಂದೀಚೆಗೆ ಮಾತಾಡುವವರನ್ನು ಮೊದಲೇ ಕೋಣೆಯಲ್ಲಿ ಕೂಡಿಹಾಕುತ್ತಾರೆ ಅನ್ನುವುದು ಅಲ್ಲಿನ ಕಥೆ. ನಮ್ಮ ಜಗದೀಶಚಂದ್ರ ಬೋಸರೂ 1897ರಲ್ಲಿ ಇಲ್ಲಿ ವಿದ್ಯುತ್ಕಾಂತ ಅಲೆಗಳ ಬಗ್ಗೆ ಮಾತಾಡಿದ್ದರು.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಯಾವೂರು ಅಂದರು. ಹಾಸನ, ನಮ್ಮ ದೇಶದ ಎಷ್ಟೋ ಉಪಗ್ರಹಗಳನ್ನು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ ಅಂತ ಜಂಬದಿಂದಲೇ ಹೇಳಿದೆ. 'ನೋಡಿಕೊಳ್ಳೋದು ಅಂದರೆ ಏನು ಮಾಡ್ತಾರೆ?' ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇರುವ ಇಸ್ರೋ ಕೇಂದ್ರದ ಮುಂದೆ ವರ್ಷಗಟ್ಟಲೆ ಬಸ್ಸಲ್ಲಿ ಓಡಾಡಿದವನು ನಾನು.

ಆಮೇಲೆ ಓದಿಕೊಂಡೆ. ರಜೆಗೆ ಬಂದಾಗ ದೊಡ್ಡಪ್ಪನ ಮನೆ ಜಗಲಿಯಲ್ಲಿ ಹತ್ತು ಹದಿನೈದು ಜನರೆದುರು ಕೊರೆದೆ, ಶಾಲು ಹಾರ ಇಲ್ಲದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಭೂಮಿ ತಿರುಗುವಷ್ಟೇ ಹೊತ್ತಿಗೆ ಒಂದು ಸುತ್ತು ಬರುತ್ತದೆ, ಅದಕ್ಕೇ ನಮಗೆ ನಿಂತಲ್ಲೇ ನಿಂತ ಹಾಗೆ. ಆದರೂ ಸೂರ್ಯ ಚಂದ್ರರ ಸೆಳೆತಕ್ಕೆ ಮೆಲ್ಲಗೆ ಜಾರುತ್ತದೆ. ಗೂಟದ ದನ ಪಕ್ಕದ ಗದ್ದೆಗೆ ಬಾಯಿ ಹಾಕುವ ಹಾಗೆ. ಆಗ ಹಾಸನದಿಂದ ಆಜ್ಞೆ ಕಳಿಸಿ, ಅದರಲ್ಲಿರುವ ಪುಟ್ಟ ರಾಕೆಟ್‌ಗಳನ್ನು ಉರಿಸಿ ಜಾಗಕ್ಕೆ ತರುತ್ತಾರೆ. ಲಂಡನ್ನಿನ ಡಿಶ್ಶುಗಳು ಗೋಡೆಗೆ ಒರಗಿದಂತೆ ನೆಟ್ಟಗಿರುತ್ತವೆ, ನಮ್ಮವು ಮುಖ ಎತ್ತಿ ಆಕಾಶ ನೋಡುತ್ತವೆ. ಈ ಉಪಗ್ರಹಗಳಿರುವುದು ಸಮಭಾಜಕ ವೃತ್ತದ ನೇರ ಮೇಲೆ, ಆ ವೃತ್ತಕ್ಕೆ ನಾವು ಹತ್ತಿರ, ಅದಕ್ಕೆ.

ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದರು. 'ಅಲ್ಲ ಕಣ್ಲಾ ಮಗ, ಮಾರ್ಚಿ ತಿಂಗಳಲ್ಲಿ ನಾಕಾರು ದಿನ ಹಗಲೊತ್ತು ಟೀವಿ ಒಂದ್ ಗಳಿಗೆ ನಿಂತೋಯ್ತದೆ. ಮಳೆನೂ ಇರಕ್ಕಿಲ್ಲ. ಅದ್ಯಾಕೆ?'

ಲಂಡನ್ನಿನಲ್ಲಿ ಅಂದು ಯಾರೂ ಇಷ್ಟು ಚೂಪಾಗಿ ಕೇಳಿರಲಿಲ್ಲ. ರಾತ್ರಿಯೆಲ್ಲ ಹುಡುಕಿ ಬೆಳಿಗ್ಗೆ ಹೇಳಿದೆ: ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೇ ಬರುತ್ತಾನೆ. ಡಿಶ್ಶು ಅವನನ್ನೇ ನೋಡಿದಂತಾಗಿ, ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗಿಹೋಗುತ್ತದೆ. ಕೆಲವು ನಿಮಿಷ ಅಷ್ಟೇ.

ದೊಡ್ಡಪ್ಪ ಛಾವಣಿಯ ಡಿಶ್ಶನ್ನೇ ಸ್ವಲ್ಪ ಹೊತ್ತು ನೋಡಿದರು. 'ಹಂಗಾರೆ ಆ ಡಿಶ್ ಹುಡುಗನ್ನ ಇಷ್ಟು ವರ್ಷ ಸುಮ್ಸುಮ್ನೆ ಬೈದ್ನಲ್ಲೋ.'