ಸಬ್‌ನಾಟಿಕಾ: ಗ್ರಾಫ್ ಹಾಳೆಯ ಮೇಲೆ ಒಂದು ಕಡಲು

ಸಬ್‌ನಾಟಿಕಾ ಎಂಬ ವಿಡಿಯೋ ಗೇಮ್‌ನಲ್ಲಿ ನಕ್ಷೆ ಇಲ್ಲ. 4546ಬಿ ಎಂಬ ಗ್ರಹದ ಕಡಲಲ್ಲಿ ನಮ್ಮ ಲೈಫ್‌ಪಾಡ್, ಅಂದರೆ ಜೀವ ಉಳಿಸಿಕೊಂಡು ಬಂದ ಪುಟ್ಟ ಕೋಶ, ತೇಲುತ್ತಿರುತ್ತದೆ. ಸುತ್ತ ನೀರು, ಪೂರ್ವಕ್ಕೆ ಬಿದ್ದು ಬೆಂಕಿ ಹತ್ತಿದ ಅರೋರಾ ಎಂಬ ಬಾಹ್ಯಾಕಾಶ ಹಡಗು. ನಾವು ಎಲ್ಲಿದ್ದೇವೆ ಎಂದು ತೋರಿಸುವ ಚುಕ್ಕೆ ಪರದೆಯ ಯಾವ ಮೂಲೆಯಲ್ಲೂ ಇರುವುದಿಲ್ಲ. ಆಳ ಎಷ್ಟೆಂದು ಕಾಣುತ್ತದೆ. ಕಂಪಾಸ್ ಮಾಡಿಕೊಂಡರೆ ದಿಕ್ಕೂ ಗೊತ್ತಾಗುತ್ತದೆ. ಉಳಿದಿದ್ದನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು.

ಇಂಟರ್ನೆಟ್ಟಿನಲ್ಲಿ ಸಿದ್ಧ ನಕ್ಷೆಗಳು ಬೇಕಾದಷ್ಟಿವೆ. ಅವನ್ನು ತೆರೆಯದೆ, ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ನಾನೇ ಬರೆಯುತ್ತಿದ್ದೇನೆ. ಆಡುತ್ತಿರುವುದು ಫ್ರೀಡಮ್ ಮೋಡ್‌ನಲ್ಲಿ. ಅಲ್ಲಿ ಹಸಿವು, ಬಾಯಾರಿಕೆಯ ಲೆಕ್ಕ ಇರುವುದಿಲ್ಲ. ಆದರೆ ಉಸಿರಿನ ಲೆಕ್ಕ ಇರುತ್ತದೆ. ಟ್ಯಾಂಕ್ ಇಲ್ಲದೆ ಮುಳುಗಿದರೆ 45 ಸೆಕೆಂಡ್. ನಕ್ಷೆ ಬರೆಯುವವರಿಗೆ ಇದೇ ಸರಿ. ಊಟ ಹುಡುಕುವ ಗಡಿಬಿಡಿ ಇಲ್ಲ, ಆದರೆ ನೀರಿನೊಳಗೆ ಇದ್ದೇವೆ ಅನ್ನುವುದು ಒಂದು ಕ್ಷಣವೂ ಮರೆಯುವುದಿಲ್ಲ.

ಮೊದಲ ಹಾಳೆ: ಪಾಡ್ ಸುತ್ತಮುತ್ತ

ಅಳತೆಗೆ ಇರುವುದು ಬೀಕನ್, ಜಾಗ ಗುರುತಿಸಲು ಬಿಡುವ ಸಣ್ಣ ಸಾಧನ. ಒಂದು ಟೈಟಾನಿಯಂ, ಒಂದು ತಾಮ್ರದ ಅದಿರು ಇದ್ದರೆ ಸಾಕು, ಒಂದು ಬೀಕನ್ ಆಗುತ್ತದೆ. ನೀರಲ್ಲಿ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ಅದಕ್ಕೆ ಹೆಸರು ಕೊಡಬಹುದು, ಮತ್ತು ನಮ್ಮಿಂದ ಅದು ಎಷ್ಟು ಮೀಟರ್ ದೂರ ಎಂದು ಪರದೆಯ ಮೇಲೆ ತೋರಿಸುತ್ತದೆ. ಈ ಕೊನೆಯದೇ ಮುಖ್ಯ. ಎರಡು ಬೀಕನ್‌ಗಳಿಂದ ದೂರ ಗೊತ್ತಿದ್ದರೆ ಕೈವಾರದಿಂದ ಎರಡು ವೃತ್ತ ಎಳೆಯಬಹುದು. ಅವು ಎರಡು ಕಡೆ ಕತ್ತರಿಸುತ್ತವೆ, ಯಾವುದು ನಮ್ಮ ಜಾಗ ಎಂದು ಕಂಪಾಸ್ ಹೇಳುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬೀಕನ್ ತೋರಿಸುವುದು ಓರೆಯಾಗಿ ನೇರ ದೂರವನ್ನು, ನೀರಿನ ಮೇಲೆ ಅಳೆದ ದೂರವನ್ನಲ್ಲ. ಬೀಕನ್ ಮೇಲ್ಮೈಯಲ್ಲಿದೆ, ನಾನು 300 ಮೀಟರ್ ಆಳದಲ್ಲಿದ್ದೇನೆ, ಪರದೆಯಲ್ಲಿ 500 ಎಂದು ಬರುತ್ತಿದೆ ಅಂತಿಟ್ಟುಕೊಳ್ಳಿ. ಹಾಳೆಯ ಮೇಲೆ ಹಾಕಬೇಕಾದ್ದು 400. ಶಾಲೆಯಲ್ಲಿ ಕಲಿತ ಪೈಥಾಗರಸ್ ಸೂತ್ರ, ಮೂರು-ನಾಲ್ಕು-ಐದರ ತ್ರಿಕೋನ. ಆ ಲೆಕ್ಕ ಕತ್ತಲ ನೀರಲ್ಲಿ ಕೆಲಸಕ್ಕೆ ಬಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಪಾಡ್ ಸುತ್ತಲಿನ ಆಳವಿಲ್ಲದ ನೀರು, ಸೇಫ್ ಶ್ಯಾಲೋಸ್, ಬೇಗ ಮುಗಿಯಿತು. ಅದರ ಸುತ್ತಲಿನ ಕೆಲ್ಪ್ ಎಂಬ ಉದ್ದ ಕಡಲಪಾಚಿಯ ಕಾಡು, ಆಚೆಗಿನ ಕೆಂಪು ಹುಲ್ಲಿನ ಬಯಲು ಸುಮಾರಾಗಿ ಕೂತಿವೆ. ಹುಲ್ಲಿನ ಬಯಲಲ್ಲಿ ರೀಫ್‌ಬ್ಯಾಕ್‌ಗಳು ಓಡಾಡುತ್ತವೆ. ಬೆನ್ನ ಮೇಲೆ ಗಿಡ ಬೆಳೆಸಿಕೊಂಡು ತಿರುಗುವ ದೊಡ್ಡ ಸಾಧು ಪ್ರಾಣಿಗಳು. ಮೊದಮೊದಲು ಅವುಗಳ ಕೂಗಿಗೇ ನನಗೆ ಎದೆ ಡವಡವ ಅನ್ನುತ್ತಿತ್ತು. ಈಗ ಆ ಕೂಗು ಕೇಳಿದರೆ ಸಮಾಧಾನ. ಎಲ್ಲಿದ್ದೇನೆ ಎಂದು ಅದರಿಂದಲೇ ಅಂದಾಜಾಗುತ್ತದೆ.

ಪೂರ್ವದ ಹಾಳೆ: ಅರೋರಾ

ಹೆಚ್ಚು ಸಮಯ ಹಿಡಿದಿದ್ದು ಈ ಹಾಳೆ. ಅರೋರಾದ ಹಿಂಭಾಗದ ನೀರು ಮಬ್ಬು. ಅಲ್ಲಿ ರೀಪರ್ ಲೆವಯಥನ್ ಎಂಬ ದೈತ್ಯ ಬೇಟೆ ಪ್ರಾಣಿಗಳಿವೆ. ದೂರದಿಂದ ಬರುವ ಆ ಗರ್ಜನೆಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಸ್ಕ್ಯಾನ್ ಮಾಡಿದರೆ ಸಿಗುವ ಟಿಪ್ಪಣಿಯಲ್ಲಿ ಒಂದು ವಿವರ ಇದೆ: ಆ ಗರ್ಜನೆ ರೀಪರ್‌ಗೆ ಸೋನಾರ್ ಇದ್ದ ಹಾಗೆ. ನಮಗೆ ಅದು ಕೇಳಿಸುತ್ತಿದೆ ಅಂದರೆ ಅದಕ್ಕೆ ನಾವು ಕಾಣುತ್ತಿದ್ದೇವೆ.

ಈ ಆಟದಲ್ಲಿ ಇದನ್ನು ಗುಂಡಿಟ್ಟು ಕೊಲ್ಲಲು ಆಗುವುದಿಲ್ಲ. ಬಂದೂಕು ಕೊಡದಿರುವುದು ನಿರ್ದೇಶಕ ಚಾರ್ಲಿ ಕ್ಲೀವ್‌ಲ್ಯಾಂಡ್ ಯೋಚಿಸಿ ಮಾಡಿದ ತೀರ್ಮಾನ. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ನಡೆದ ಗುಂಡಿನ ದಾಳಿ ಅದರ ಹಿಂದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ನನ್ನ ಮಟ್ಟಿಗೆ ಇಡೀ ಆಟದ ಜೀವ ಇರುವುದೇ ಆ ತೀರ್ಮಾನದಲ್ಲಿ. ಭಯ ಹುಟ್ಟಿಸುವುದನ್ನು ಸುಲಭವಾಗಿ ಇಲ್ಲವಾಗಿಸುವ ದಾರಿ ಇಲ್ಲ ಅಂದಮೇಲೆ ಅದರ ಬಗ್ಗೆ ತಿಳಿದುಕೊಳ್ಳುವುದೊಂದೇ ಉಳಿಯುತ್ತದೆ. ಎಲ್ಲಿ ಸುತ್ತುತ್ತದೆ, ಎಷ್ಟು ದೂರಕ್ಕೆ ಬಂದು ವಾಪಸ್ ತಿರುಗುತ್ತದೆ, ಯಾವ ಕಡೆಯಿಂದ ಹೋದರೆ ಎದುರಾಗುವುದಿಲ್ಲ.

ಹಾಗಾಗಿ ಈ ಹಾಳೆಗೆ ಮೂರು ಗುರುತು ಮಾಡಿಕೊಂಡೆ. ಕಣ್ಣಾರೆ ಕಂಡಿದ್ದಕ್ಕೆ ಗಟ್ಟಿ ಗೆರೆ. ಬರೀ ಕೇಳಿಸಿದ್ದಕ್ಕೆ ಚುಕ್ಕೆ ಗೆರೆ. ಇನ್ನೂ ಹೋಗಿಲ್ಲದ ಕಡೆ ಓರೆಗೀಟು. ಗರ್ಜನೆ ಕೇಳಿದಾಗಲೆಲ್ಲ ಸೀಮಾತ್ ಎಂಬ ನನ್ನ ಪುಟ್ಟ ಜಲಾಂತರ್ಗಾಮಿಯನ್ನು ನಿಲ್ಲಿಸಿ, ಎರಡು ಬೀಕನ್‌ಗಳ ದೂರ ಬರೆದುಕೊಂಡು, ಸದ್ದು ಯಾವ ಕಡೆಯಿಂದ ಬಂತು ಎಂದು ಬಾಣದ ಗುರುತು ಹಾಕುತ್ತೇನೆ. ಬಾಣಗಳು ಸೇರುತ್ತಾ ಹೋದಂತೆ ರೀಪರ್ ತಿರುಗುವ ಜಾಗ ತಾನಾಗಿಯೇ ಹಾಳೆಯ ಮೇಲೆ ಮೂಡಿತು. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇಡೀ ಪೂರ್ವವೇ ಭಯದ ಜಾಗವಾಗಿತ್ತು. ಹಾಳೆಯಲ್ಲಿ ನೋಡಿದರೆ ಅದು ಅಂಗೈಗಿಂತ ಚಿಕ್ಕದು.

ಇನ್ನೊಂದು ಹಾಳೆ

ಪೂರ್ವದ ಹಾಳೆ ಬರೆಯುವಾಗಲೇ ಒಂದು ವಿಷಯ ಗಮನಕ್ಕೆ ಬಂತು. ಪರದೆಯ ಎಡ ಮೇಲ್ಭಾಗಕ್ಕೆ ಬಂದ ಬೀಕನ್ ಹೆಸರುಗಳು ನನಗೆ ಕಾಣುತ್ತಿರಲಿಲ್ಲ. ತಲೆ ತಿರುಗಿಸಿದರೆ ಅಲ್ಲೇ ಇರುತ್ತಿದ್ದವು.

ನನಗೆ ಗ್ಲಾಕೋಮಾ ಇದೆ. ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ. ಹೋದ ನೋಟ ವಾಪಸ್ ಬರುವುದಿಲ್ಲ. ಕಣ್ಣಿನ ಒತ್ತಡ ಇಳಿಸುವ ಡ್ರಾಪ್ಸ್ ಹಾಕಿಕೊಂಡರೆ ಮುಂದೆ ಹೋಗುವುದನ್ನು ತಡೆಯಬಹುದು, ಇಲ್ಲವೇ ನಿಧಾನ ಮಾಡಬಹುದು. ಇದಕ್ಕೆ ಫೀಲ್ಡ್ ಟೆಸ್ಟ್ ಎಂದು ಮಾಡುತ್ತಾರೆ. ಒಂದು ಕಣ್ಣು ಮುಚ್ಚಿ, ಬಟ್ಟಲಿನಂಥ ಯಂತ್ರದ ಮುಂದೆ ಗದ್ದ ಊರಿ, ನಡುವಿನ ಬೆಳಕನ್ನೇ ನೋಡುತ್ತಿರಬೇಕು. ಸುತ್ತಲೂ ಎಲ್ಲೆಲ್ಲೋ ಸಣ್ಣ ಬೆಳಕು ಮಿನುಗಿ ಹೋಗುತ್ತದೆ. ಕಂಡಾಗ ಬಟನ್ ಒತ್ತಬೇಕು. ಕೊನೆಗೆ ಒಂದು ಹಾಳೆ ಪ್ರಿಂಟ್ ಆಗಿ ಬರುತ್ತದೆ. ಕಂಡ ಜಾಗ ಬಿಳಿ, ಮಂದವಾದ ಜಾಗ ಬೂದು, ಕಾಣದ ಜಾಗ ಕಪ್ಪು.

ಆ ಹಾಳೆಗಳನ್ನು ನಾನು ಸರಿಯಾಗಿ ನೋಡಿರಲಿಲ್ಲ. ಡಾಕ್ಟರ್ ತೋರಿಸಿದಾಗ ಹೂಂ ಅನ್ನುತ್ತಿದ್ದೆ, ಮಡಚಿ ಫೈಲಿಗೆ ಹಾಕುತ್ತಿದ್ದೆ. ನಕ್ಷೆಯ ಕೆಲಸ ಶುರುವಾದ ಮೇಲೆ ಒಂದು ಸಂಜೆ ಅವನ್ನು ಹೊರಗೆ ತೆಗೆದು, ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದೆ. ಅವೂ ನಕ್ಷೆಗಳೇ ಅಲ್ವಾ? ಕಂಡಿದ್ದು, ಮಂದವಾಗಿದ್ದು, ಕಾಣದ್ದು. ಎರಡೂ ಕಣ್ಣಿನಲ್ಲಿ ಎಡ ಮೇಲ್ಭಾಗದಲ್ಲಿ ಒಂದು ಕಪ್ಪು ಪಟ್ಟಿ. ಹಳೆಯ ಹಾಳೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರೆ ಅದು ಹೆಚ್ಚೇನೂ ಬೆಳೆದಿರಲಿಲ್ಲ. ನನ್ನ ಮನಸ್ಸಿನಲ್ಲಿ ಅದು ಎಷ್ಟೋ ದೊಡ್ಡದಾಗಿ ಕೂತಿತ್ತು.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ನಾನೇ ಬೆರಳಿಟ್ಟು ಕೇಳಿದೆ. ಈ ಬೂದು ಬಣ್ಣ ಏನು, ಈ ಅಂಕಿ ಏನು, ಇದು ನನ್ನ ಎಡಗಡೆಯೋ ಬಲಗಡೆಯೋ. ಅವರು ತಾಳ್ಮೆಯಿಂದ ಹೇಳಿದರು. ಹಾಳೆಯಲ್ಲಿ ಕಪ್ಪಾಗಿ ಕಂಡರೂ ನಮ್ಮ ಕಣ್ಣಿಗೆ ಅಲ್ಲಿ ಕಪ್ಪು ಕಾಣುವುದಿಲ್ಲವಂತೆ. ಮಿದುಳು ಸುತ್ತಲಿನದನ್ನೇ ಎಳೆದು ಆ ಜಾಗ ತುಂಬಿಬಿಡುತ್ತದೆ. ಅದಕ್ಕೇ ಎಷ್ಟೋ ಜನಕ್ಕೆ ಕಾಯಿಲೆ ಇರುವುದೇ ತಡವಾಗಿ ಗೊತ್ತಾಗುತ್ತದೆ. ನನಗೆ ಬೀಕನ್ ಹೆಸರು ಕಾಣದಿದ್ದಾಗ ಅಲ್ಲಿ ಕತ್ತಲೆ ಇರಲಿಲ್ಲ. ಸುಮ್ನೆ ನೀಲಿ ನೀರು ಇತ್ತು.

ನಕ್ಷೆ ಬರೆದಿದ್ದಕ್ಕೆ ರೀಪರ್ ಜಾಗ ಬಿಟ್ಟು ಹೋಗಲಿಲ್ಲ. ಹಾಳೆ ಓದಲು ಬಂದಿದ್ದಕ್ಕೆ ನನ್ನ ನೋಟವೂ ವಾಪಸ್ ಬರಲಿಲ್ಲ. ಆದರೆ ಯಾವ ಕಡೆ ತಲೆ ತಿರುಗಿಸಬೇಕು ಎಂದು ಈಗ ಗೊತ್ತಿದೆ. ಆಟದಲ್ಲೂ ಅಷ್ಟೇ, ರಸ್ತೆ ದಾಟುವಾಗಲೂ ಅಷ್ಟೇ. ಡ್ರಾಪ್ಸ್ ಹಾಕಿಕೊಳ್ಳುವುದು ಈಗ ಬೇಸರದ ಕೆಲಸ ಅನಿಸುವುದಿಲ್ಲ. ಯಾವ ಗೆರೆಯನ್ನು ಅಲ್ಲೇ ಹಿಡಿದು ನಿಲ್ಲಿಸಬೇಕು ಅನ್ನುವುದು ಕಣ್ಣ ಮುಂದಿದೆ.

ಟ್ರೇಸಿಂಗ್ ಹಾಳೆ: ಲಾಸ್ಟ್ ರಿವರ್

ಆಳದ ಗುಹೆಗಳಿಗೆ ಗ್ರಾಫ್ ಹಾಳೆ ಸಾಲದು. ಒಂದರ ಕೆಳಗೆ ಇನ್ನೊಂದು ಜಾಗ ಇರುತ್ತದೆ. ಹಾಗಾಗಿ ಮೇಲಿನ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಲಾಸ್ಟ್ ರಿವರ್ ಎಂಬ ಗುಹೆಗಳ ಸಾಲನ್ನು ಬರೆಯುತ್ತಿದ್ದೇನೆ. ಸೀಮಾತ್ ಇದ್ದಂತೆಯೇ ಇದ್ದರೆ 200 ಮೀಟರ್ ಕೆಳಗೆ ಜಜ್ಜಿಹೋಗುತ್ತದೆ. ಹೆಚ್ಚು ಆಳ ತಡೆಯಲು ಜೋಡಿಸುವ ಡೆಪ್ತ್ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಮೇಲ್ದರ್ಜೆಗೆ ಏರಿಸಿ 900 ಮೀಟರ್‌ವರೆಗೆ ಇಳಿಯುವ ಹಾಗೆ ಮಾಡಿಕೊಂಡಿದ್ದೇನೆ. ಕವಲು ದಾರಿಗಳಲ್ಲಿ ಪಾತ್‌ಫೈಂಡರ್ ದೀಪಗಳನ್ನು ಬಿಡುತ್ತಾ ಹೋಗುತ್ತೇನೆ, ವಾಪಸ್ ಬರಲು ಸುಲಭ.

ಅಲ್ಲಿ ಟ್ರೀ ಕೋವ್ ಎಂಬ ಜಾಗ ಇದೆ. ದೊಡ್ಡ ಗುಹೆ, ನಡುವೆ ನೀಲಿ ಬೆಳಕು ಚೆಲ್ಲುವ ಬೃಹತ್ ಮರ. ಅದರಲ್ಲಿ ಘೋಸ್ಟ್ ಲೆವಯಥನ್ ಎಂಬ ಇನ್ನೊಂದು ದೈತ್ಯ ಪ್ರಾಣಿಯ ಮೊಟ್ಟೆಗಳಿವೆ. ಸುತ್ತ ಘೋಸ್ಟ್‌ರೇಗಳು ತಮ್ಮ ಪಾಡಿಗೆ ಈಜುತ್ತಿರುತ್ತವೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಮರದ ಎದುರಿಗೆ ಸೀಮಾತ್ ನಿಲ್ಲಿಸಿ, ಎಡ ಮೇಲಿಂದ ಶುರು ಮಾಡಿ ನಿಧಾನಕ್ಕೆ ಇಡೀ ಗುಹೆಯನ್ನು ಒಂದು ಸುತ್ತು ನೋಡಿದೆ. ಈ ಆಟ ಮಾಡಿದವರು ಇಷ್ಟು ಚೆಂದದ ಜಾಗವನ್ನು ಇಷ್ಟು ಆಳದಲ್ಲಿ ಇಟ್ಟಿದ್ದಾರಲ್ಲ ಎಂದು ಅವರ ಮೇಲೆ ಪ್ರೀತಿ ಉಕ್ಕಿತು. ನನ್ನ ನಕ್ಷೆಯಲ್ಲಿ ಬಣ್ಣ ಹಚ್ಚಿರುವ ಜಾಗ ಇದೊಂದೇ.

ಬಾಕಿ ಇರುವುದು

ಪಶ್ಚಿಮದ ಮರಳು ದಿಬ್ಬಗಳ ಪ್ರದೇಶ, ಡ್ಯೂನ್ಸ್, ಪೂರ್ತಿ ಓರೆಗೀಟಿನಲ್ಲಿದೆ. ಅಲ್ಲೂ ರೀಪರ್‌ಗಳಿವೆ, ಬಾಣದ ಲೆಕ್ಕವೇ ಅಲ್ಲಿಗೂ. ಇನ್ನೂ ಆಳದ ಲಾವಾ ವಲಯಕ್ಕೆ ಸೀಮಾತ್ ಸಾಲದು, ಒಳಗೆ ಕೂತು ನಡೆಸುವ ಯಂತ್ರದ ಕವಚ, ಪ್ರಾನ್ ಸೂಟ್, ಬೇಕು. ಅದಕ್ಕೆ ಸಾಮಾನು ಕೂಡಿಸುತ್ತಿದ್ದೇನೆ. ಆಟದ ಜಾಗವೆಲ್ಲ ಒಂದು ಜ್ವಾಲಾಮುಖಿಯ ಬಾಯಿಯಲ್ಲಿದೆ, ಅದರ ಅಂಚಿನಾಚೆಯ ತಳವಿಲ್ಲದ ನೀರನ್ನು ಬರೆಯುವುದಿಲ್ಲ. ಅಲ್ಲಿ ಘೋಸ್ಟ್ ಲೆವಯಥನ್‌ಗಳು ಬೆನ್ನಟ್ಟಿ ಬರುತ್ತವೆ, ಬರೆಯಲು ನೆಲವೂ ಇಲ್ಲ. ಆ ಕಡೆಗೆ ಒಂದು ಗಡಿ ಗೆರೆ ಸಾಕು.

ನನ್ನ ಹಾಗೆ ಸುತ್ತಲಿನ ನೋಟ ಕಡಿಮೆ ಇರುವವರು ಆಡುತ್ತಿದ್ದರೆ, ಬೀಕನ್ ಪಟ್ಟಿಗೆ ಹೋಗಿ ಒಂದೊಂದಕ್ಕೂ ಬೇರೆ ಬಣ್ಣ ಕೊಡಿ, ಆಗ ಬೇಡದವನ್ನು ಆಫ್ ಮಾಡಿ. ಏಕಕಾಲಕ್ಕೆ ಮೂರಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಎಣಿಸಿದಾಗ ಒಂದು ಕಡಿಮೆ ಬಂದರೆ ಅದು ಯಾವ ಮೂಲೆಯಲ್ಲಿದೆ ಎಂದು ತಕ್ಷಣ ಗೊತ್ತಾಗುತ್ತದೆ.